ಅಂಚಿನಲ್ಲಿ ಗೀಚಿದ್ದು

ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ನಾವು. ನವರಾತ್ರಿಯ ಸರಸ್ವತಿ ಪೂಜೆಗೆ ಗಣಿತದ ಪುಸ್ತಕವನ್ನೂ ಮಣೆಯ ಮೇಲಿಟ್ಟು, ಅರಿಶಿನ ಕುಂಕುಮ ಏರಿಸಿ, ಅದನ್ನು ತೆರೆಯದಿರುವುದೇ ಭಕ್ತಿಯೆಂದು ಹಿಗ್ಗಿದವರು. ಪೂಜೆ ಮುಗಿದ ಮೇಲೆ ಅದೇ ಪುಸ್ತಕದ ಮೈತುಂಬ ಕೆಂಪು ಶಾಯಿಯಲ್ಲಿ ‘ಇಂಪ್’, ‘ವಿ.ಇಂಪ್’ ಎಂದು ಬರೆಯುತ್ತಿದ್ದವರೂ ನಾವೇ. ಮೇಷ್ಟ್ರು ‘ಇಲ್ಲಿಂದ ಇಲ್ಲೀವರೆಗೆ, ನಾಲ್ಕು ಮಾರ್ಕಿಗೆ’ ಎಂದು ಕಂಸ ಹಾಕಿಸುತ್ತಿದ್ದರು. ಆ ಕಂಸದಾಚೆ ಏನಿತ್ತೋ, ಈವರೆಗೂ ನಮ್ಮ ತರಗತಿಯಲ್ಲಿ ಯಾರಿಗೂ ಗೊತ್ತಿಲ್ಲ.

ಆಗ ಪೆನ್ಸಿಲಿಗೆ ಒಂದು ಸಂಕೋಚವಿತ್ತು; ಬೇಡವೆನಿಸಿದರೆ ರಬ್ಬರಿಗೆ ಬಗ್ಗುತ್ತಿತ್ತು. 1963ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಹೈಲೈಟರ್ ನಮ್ಮೂರು ಮುಟ್ಟುವಷ್ಟರಲ್ಲಿ ಆ ಸಂಕೋಚವೂ ಹೋಯಿತು. ನನ್ನ ಸೋದರಳಿಯನ ಅರ್ಥಶಾಸ್ತ್ರದ ಪುಸ್ತಕ ಅರಿಶಿನ ಶಾಸ್ತ್ರಕ್ಕೆ ಕೂತ ಮದುಮಗನ ಹಾಗಿದೆ. ‘ಏನೋ ಇದು, ಪೂರ್ತಿ ಬಳಿದಿದ್ದೀಯಲ್ಲ?’ ಎಂದರೆ, ‘ಮಾಮ, ಬಿಳಿ ಇರೋದು ಮಾತ್ರ ಓದ್ಬೇಕು’ ಅಂದ.

ಬಾಡಿಗೆ ಲೈಬ್ರರಿಗಳ ಕಾಲದಲ್ಲಿ ಈ ಚಟಕ್ಕೆ ಸ್ವಲ್ಪ ಕ್ರೌರ್ಯವೂ ಬೆರೆತಿತ್ತು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಯನ್ನು ಆಸೆಪಟ್ಟು ತಂದರೆ, ಕೊಲೆಗಾರನ ಹೆಸರನ್ನು ಯಾರೋ ಪುಣ್ಯಾತ್ಮರು ಮೊದಲ ಪುಟದಲ್ಲೇ ಬರೆದಿಟ್ಟಿರುತ್ತಿದ್ದರು. ಇನ್ನೊಬ್ಬ ‘ಪುಟ 64 ನೋಡಿ’ ಎನ್ನುತ್ತಿದ್ದ. ಅಲ್ಲಿ ಹೋದರೆ ‘ಪುಟ 112 ನೋಡಿ’. ಅಲ್ಲಿ, ‘ಹೇಳಿದಲ್ಲೆಲ್ಲ ಹೋಗುತ್ತೀಯಲ್ಲ, ಕತ್ತೆ!’

ಇಂಥವರ ಕುಲಗುರು ಫ್ರಾನ್ಸಿನ ಫರ್ಮಾ ಇರಬೇಕು. ಹದಿನೇಳನೆಯ ಶತಮಾನದ ಈ ನ್ಯಾಯಾಧಿಕಾರಿಗೆ ಗಣಿತದ ಹುಚ್ಚು. ಗ್ರೀಕ್ ಗಣಿತಜ್ಞ ಡಯೊಫಾಂಟಸನ ಗ್ರಂಥದ ಅಂಚಿನಲ್ಲಿ ಒಂದು ಪ್ರಮೇಯ ಬರೆದು, ಅದ್ಭುತವಾದ ಸಾಧನೆ ಸಿಕ್ಕಿದೆ, ಬರೆಯಲು ಇಲ್ಲಿ ಜಾಗ ಸಾಲದು ಎಂದು ಕೈತೊಳೆದುಕೊಂಡ. ಮಗ 1670ರಲ್ಲಿ ಅಪ್ಪನ ಟಿಪ್ಪಣಿಗಳನ್ನೂ ಸೇರಿಸಿ ಆ ಗ್ರಂಥವನ್ನು ಅಚ್ಚು ಹಾಕಿಸಿದ. ಗಣಿತಜ್ಞ ಆಂಡ್ರ್ಯೂ ವೈಲ್ಸ್ ಆ ಪ್ರಮೇಯವನ್ನು ಸಾಧಿಸಿ ಪ್ರಕಟಿಸಿದಾಗ 1995. ನೂರಕ್ಕೂ ಹೆಚ್ಚು ಪುಟ ಹಿಡಿಯಿತು. ಜಾಗ ಸಾಲದು ಅಂದದ್ದಂತೂ ಸುಳ್ಳಲ್ಲ.

ನಮ್ಮ ಮನೆಯ ಅಂಚುಗಳಲ್ಲಿ ಅಷ್ಟು ದೊಡ್ಡ ಗುಟ್ಟುಗಳಿಲ್ಲ. ಅಪ್ಪನ ಕುಮಾರವ್ಯಾಸ ಭಾರತದ ಹಿಂದಿನ ರಟ್ಟಿನೊಳಗೆ ಹಾಲಿನ ಲೆಕ್ಕವಿದೆ, ಯಾರಿಗೋ ಕೊಟ್ಟ ಕೈಸಾಲವಿದೆ. ಉದ್ಯೋಗಪರ್ವದಲ್ಲಿ, ಕೃಷ್ಣ ರಾಜ್ಯದ ಆಸೆ ತೋರಿಸಿದರೂ ಕರ್ಣ ಒಪ್ಪದೆ ನಿಲ್ಲುವಲ್ಲಿ, ಅಪ್ಪ ಪೆನ್ಸಿಲಿನಲ್ಲಿ ‘ಮಹಾನುಭಾವ!’ ಎಂದು ಬರೆದಿದ್ದಾರೆ. ಅದರ ಕೆಳಗೆ ನೀಲಿ ಶಾಯಿಯಲ್ಲಿ ಅಮ್ಮನ ದುಂಡು ಅಕ್ಷರ: ‘ಹೆಂಡತಿ ಮಕ್ಕಳ ಯೋಚನೆ ಬೇಡವೆ?’

ಅಪ್ಪನಿಗೆ ಅಮ್ಮ ಎದುರು ಮಾತಾಡಿದ್ದು ನಾನು ಕೇಳಿಲ್ಲ. ಆ ಕೈಸಾಲ ಕೊಟ್ಟಾಗಲೂ ಸುಮ್ಮನೆ ಒಳಗೆ ಹೋಗಿದ್ದಳಂತೆ. ಅವಳ ಸಾಲನ್ನು ಅಪ್ಪ ನೋಡಿದ್ದರೋ ಇಲ್ಲವೋ ಕೇಳೋಣವೆಂದರೆ ಇಬ್ಬರೂ ಇಲ್ಲ. ಪೆನ್ಸಿಲು ಮಾಸುತ್ತಿದೆ, ಶಾಯಿ ಗಟ್ಟಿಯಾಗಿಯೇ ಇದೆ.

ಆ ಎರಡು ಬರಹ ಕಂಡಂದಿನಿಂದ ನನಗೆ ಗೀಚದ ಪುಸ್ತಕವೆಂದರೆ ಯಾರೂ ವಾಸವಿಲ್ಲದ ಮನೆ ಅನ್ನಿಸುತ್ತದೆ. ಈಗ ಫೋನಿನಲ್ಲಿ ಓದುವಾಗ ಇಷ್ಟು ಮಂದಿ ಈ ಸಾಲಿಗೆ ಗೆರೆ ಎಳೆದಿದ್ದಾರೆ ಎಂದು ಅದೇ ತೋರಿಸುತ್ತದೆ. ತಲೆಯೆಣಿಕೆ ಸಿಗುತ್ತದೆ, ಅವರಲ್ಲೊಬ್ಬರೂ ಜಗಳಕ್ಕೆ ಸಿಗುವುದಿಲ್ಲ. ಅದಕ್ಕೇ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕದ ರಾಶಿ ಕಂಡರೆ ಗೀಚಿದ್ದನ್ನೇ ಹುಡುಕುತ್ತೇನೆ. ಹಾಗೆಂದು ಅಂಗಡಿಯವನೆದುರು ಬಾಯಿಬಿಡುವುದುಂಟೆ? ಮೊನ್ನೆ ಒಂದು ವ್ಯಾಕರಣದ ಪುಸ್ತಕ ಹಿಡಿದು, ‘ಏನಪ್ಪ, ಒಳಗೆಲ್ಲ ಗೀಚಿದ್ದಾರೆ, ಇದಕ್ಕೆ ನೂರು ರೂಪಾಯಾ?’ ಎಂದು ಮುಖ ಸಿಂಡರಿಸಿದೆ.

‘ಬುಕ್ಕಿಗೆ ಎಪ್ಪತ್ತೇ ಸಾರ್’ ಎಂದ ಅವನು, ‘ಮೂವತ್ತು ನೋಟ್ಸಿಗೆ.’