ಬೇಸಿಗೆಯ ಕೆರೆ

ಕೆರೆಯ ಸೊಬಗನ್ನು ಬಣ್ಣಿಸುವವರು ಸಾಮಾನ್ಯವಾಗಿ ಅದು ತುಂಬಿ ಕೋಡಿ ಬಿದ್ದ ದಿನಗಳನ್ನೇ ಆರಿಸಿಕೊಳ್ಳುತ್ತಾರೆ; ಬಾಗಿನ ಅರ್ಪಿಸುವ ಜನಪ್ರತಿನಿಧಿಗಳಿಗೂ ಪತ್ರಿಕೆಯ ಛಾಯಾಗ್ರಾಹಕರಿಗೂ ಬೇಕಾಗುವುದು ಅವೇ ದಿನಗಳು. ಕೆರೆಯ ಆಯುಸ್ಸು ನಿರ್ಧಾರವಾಗುವುದು ಮಾತ್ರ ನೀರು ತಳ ಮುಟ್ಟಿ ಅಂಗಳ ಬಿರಿಯುವ ಫಾಲ್ಗುಣದಿಂದ ವೈಶಾಖದವರೆಗಿನ ತಿಂಗಳುಗಳಲ್ಲಿ, ಏಕೆಂದರೆ ಹೂಳು ತೆಗೆಯುವುದು, ಏರಿಗೆ ಮಣ್ಣು ಹಾಕುವುದು, ತೂಬಿನ ಕಲ್ಲು ಸರಿಪಡಿಸುವುದು, ಕಾಲುವೆಯ ಗಿಡಗಂಟಿ ಸವರುವುದು, ಇವೆಲ್ಲ ನೀರಿಲ್ಲದಾಗ ಮಾತ್ರ ಆಗುವ ಕೆಲಸಗಳು. ಈ ಅರ್ಥದಲ್ಲಿ ಹಳೆಯ ಮೈಸೂರು ಸೀಮೆಯ ಕೆರೆಗಳಿಗೆಲ್ಲ ಒಂದೊಂದು ಬೇಸಿಗೆಯ ಸಂಘವಿತ್ತೆನ್ನಬಹುದು. ಅದಕ್ಕೆ ನೋಂದಣಿಯಾಗಲಿ ಪದಾಧಿಕಾರಿಗಳ ಪಟ್ಟಿಯಾಗಲಿ ಇರಲಿಲ್ಲವಾದರೂ, ಯಾವ ಮನೆಯಿಂದ ಎಷ್ಟು ಆಳು ಬರಬೇಕು, ಯಾರ ಗಾಡಿ ಎಂದು ಬರಬೇಕು ಎಂಬುದು ಊರಿಗೆಲ್ಲ ಗೊತ್ತಿರುತ್ತಿತ್ತು.

ಬೇಸಿಗೆಯ ಕೆರೆಸಂಘವೆಂದರೆ ಲೋಕದ ಬೇರೆ ಕಡೆ ಬೇರೆಯೇ ಚಿತ್ರ ಮೂಡುತ್ತದೆ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿಯೂ ಕೆನಡಾದಲ್ಲಿಯೂ ರಜೆ ಕಳೆಯಲು ಸರೋವರದ ದಂಡೆಯ ಮನೆಗಳಿಗೆ ಬರುವ ಕುಟುಂಬಗಳು ಇಂಥ ಸಂಘಗಳನ್ನು ಕಟ್ಟಿಕೊಂಡು ವರ್ಷವರ್ಷ ವಂತಿಗೆ ಎತ್ತುತ್ತವೆ. 1865ರಲ್ಲಿ ಇಟಲಿಯ ಪಾದ್ರಿಯೂ ಖಗೋಳಜ್ಞನೂ ಆಗಿದ್ದ ಆಂಜೆಲೊ ಸೆಕ್ಕಿ ಬಳಕೆಗೆ ತಂದ ತಟ್ಟೆಯೊಂದನ್ನು ದೋಣಿಯಿಂದ ಹಗ್ಗದಲ್ಲಿ ಇಳಿಬಿಟ್ಟು, ಅದು ಕಣ್ಣಿಗೆ ಮರೆಯಾಗುವ ಆಳವನ್ನು ಬರೆದಿಟ್ಟುಕೊಂಡು, ನೀರಿನ ತಿಳಿಯನ್ನು ಅಳೆಯುವ ಸ್ವಯಂಸೇವಕರು ಅಲ್ಲಿದ್ದಾರೆ. ಅದು ಶ್ಲಾಘ್ಯವಾದ ಕೆಲಸವೇ. ಆದರೆ ಅವರ ಸರೋವರಗಳಲ್ಲಿ ಹೆಚ್ಚಿನವು ಹಿಮಯುಗದ ನೀರ್ಗಲ್ಲು ಕೊರೆದಿಟ್ಟು ಹೋದವು; ತುಮಕೂರು ಸೀಮೆಯ ಕೆರೆಯಾದರೋ ಮನುಷ್ಯರು ಕಟ್ಟಿದ್ದು, ಮನುಷ್ಯರು ಕೈಬಿಟ್ಟರೆ ಕೆಲವು ತಲೆಮಾರುಗಳಲ್ಲಿ ಹೂಳು ತುಂಬಿ ಮೈದಾನವಾಗುವಂಥದು.

ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಿಗೆ ವರ್ಷವಿಡೀ ಹರಿಯುವ ತಮ್ಮದೇ ಹೊಳೆಯಿಲ್ಲ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷೆ ಈ ಸೀಮೆಯಲ್ಲಿ ಇನ್ನೂ ಮಳೆಗಾಲದ ಹಳ್ಳವಷ್ಟೇ; ಅದಕ್ಕೆ ಅಡ್ಡಲಾಗಿ ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ನಿಂತಿರುವ ದೊಡ್ಡ ಕೆರೆಯನ್ನು ಶ್ರೀರಾಮನೇ ಕಟ್ಟಿಸಿದನೆಂದು ಸ್ಥಳಪುರಾಣ ಹೇಳುತ್ತದೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ ಜಲಾಶಯವಿದೆ. ಉಳಿದದ್ದೆಲ್ಲ ಮಳೆಯ ನೀರನ್ನು ಹಳ್ಳಹಳ್ಳಕ್ಕೂ ತಡೆದು ನಿಲ್ಲಿಸಿದ ಕೆರೆಗಳ ಸರಣಿ. ಸರಣಿಯೆಂದರೆ ಮೇಲಿನ ಕೆರೆಯ ಕೋಡಿಯ ನೀರು, ಅಂದರೆ ತುಂಬಿ ಮಿಕ್ಕ ನೀರು, ಕೆಳಗಿನ ಕೆರೆಗೆ ಒಳಹರಿವಾಗುವ ಏರ್ಪಾಡು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ ಈ ನಾಡಿನಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕಲು ಜಾಣ್ಮೆಯೇ ಬೇಕಾದೀತು ಎಂಬರ್ಥದ ಮಾತನ್ನು ತನ್ನ ವರದಿಯಲ್ಲಿ ಬರೆದದ್ದು ಈ ಸರಣಿಗಳನ್ನು ಕಂಡೇ. ಸರಣಿಯಲ್ಲಿ ಒಂದು ಏರಿ ಒಡೆದರೆ ಕೆಳಗಿನವುಗಳಿಗೂ ಅಪಾಯ. ಆದ್ದರಿಂದ ಕೆರೆಯ ಪಾಲನೆ ಒಂದೂರಿನ ಸ್ವಂತ ವಿಚಾರವಾಗಿ ಉಳಿಯುವಂತೆಯೇ ಇರಲಿಲ್ಲ.

ಬೇಸಿಗೆಯ ಕೆಲಸಗಳಲ್ಲಿ ಮುಖ್ಯವಾದದ್ದು ಗೋಡು ಹೊಡೆಯುವುದು. ಮಳೆನೀರಿನೊಂದಿಗೆ ಹೊಲಗಳಿಂದ ಕೊಚ್ಚಿಬಂದು ಕೆರೆಯ ತಳದಲ್ಲಿ ಕೂತ ನುಣುಪಾದ ಮೆಕ್ಕಲು ಮಣ್ಣಿಗೆ ಗೋಡು ಎನ್ನುತ್ತಾರೆ. ಒಣಗಿದಾಗ ಅದು ಅಂಗೈಯಗಲದ ಹೆಂಟೆಗಳಾಗಿ ಬಿರಿದು, ಅಂಚು ಮೇಲಕ್ಕೆ ಸುರುಳಿಗೊಂಡು, ಗುದ್ದಲಿಯ ಒಂದೇ ಪೆಟ್ಟಿಗೆ ಹಾಳೆಹಾಳೆಯಾಗಿ ಏಳುತ್ತದೆ, ಅದರ ಕೆಳಗಿನ ಪದರ ಮಾತ್ರ ಚೈತ್ರದ ಬಿಸಿಲಿನಲ್ಲಿಯೂ ತಣ್ಣಗೆ, ಕಪ್ಪಗೆ, ಸ್ವಲ್ಪ ಮೀನಿನ ವಾಸನೆಯೊಡನೆ ಉಳಿದಿರುತ್ತದೆ. ಇದನ್ನು ಗಾಡಿಗಳಲ್ಲಿ ತುಂಬಿ ತೆಂಗಿನ ಬುಡಕ್ಕೂ ರಾಗಿಯ ಹೊಲಕ್ಕೂ ಹೊಡೆಸಿಕೊಂಡ ರೈತನಿಗೆ ಗೊಬ್ಬರ ಸಿಕ್ಕಿತು, ಕೆರೆಗೆ ಹೊಟ್ಟೆ ಸಿಕ್ಕಿತು. ಯಾರೂ ಯಾರಿಗೂ ಕೂಲಿ ಕೊಡದೆ ಎರಡೂ ಕೆಲಸ ಒಂದೇ ಸಲಕ್ಕೆ ಆಗುತ್ತಿದ್ದ ಈ ವ್ಯವಹಾರಕ್ಕಿಂತ ಜಾಣತನದ ಕೆರೆ ಅಭಿವೃದ್ಧಿ ಯೋಜನೆಯನ್ನು ಆಮೇಲೆ ಯಾರೂ ರೂಪಿಸಿದಂತಿಲ್ಲ. ಯಂತ್ರದಿಂದ ಹೂಳೆತ್ತುವಾಗ ಗೋಡಿನ ಜೊತೆಗೆ ಅದರ ಕೆಳಗಿನ ಜೇಡಿಯ ಪದರವನ್ನೂ ಕಿತ್ತು, ಇಟ್ಟಿಗೆ ಗೂಡಿಗೆ ಸಾಗಿಸಿ, ಅಂಗಳವನ್ನೆಲ್ಲ ಗುಂಡಿ ಮಾಡಿಡುವ ಇಂದಿನ ರೀತಿಗೆ ಹೋಲಿಸಿದರೆ ಹಳೆಯ ರೀತಿಯ ಹದ ತಿಳಿಯುತ್ತದೆ. 2005ರ ಉದ್ಯೋಗ ಖಾತರಿ ಕಾಯ್ದೆ ಬಂದ ಮೇಲೆ ಹೂಳೆತ್ತುವ ಕೆಲಸ ಕೂಲಿಯ ಲೆಕ್ಕಕ್ಕೆ ಬಂದು, ಎಷ್ಟು ಆಳ ಅಗೆದರೆಂಬುದಕ್ಕೆ ಸಾಕ್ಷಿಯಾಗಿ ಗುಂಡಿಯ ನಡುವೆ ಅಗೆಯದೆ ಬಿಟ್ಟ ಮಣ್ಣಿನ ಗುಡ್ಡೆಗಳು ಕೆರೆಯಂಗಳಗಳಲ್ಲಿ ಕಾಣಿಸಿಕೊಂಡವು. ಬೇಸಿಗೆಯಲ್ಲಿ ಹೆಂಗಸರ ಕೈಗೆ ಅವರದೇ ಹೆಸರಿನಲ್ಲಿ ಕೂಲಿ ಬಂದದ್ದು ಈ ಬದಲಾವಣೆಯ ಒಳ್ಳೆಯ ಭಾಗ.

ನೀರು ಇರುವಷ್ಟು ದಿನ ಅದರ ಯಜಮಾನಿಕೆ ನೀರಗಂಟಿಯದು. ಏರಿಯ ಒಳಮೈಗೆ ತುಸು ದೂರದಲ್ಲಿ, ನೀರಿನ ನಡುವೆ, ಎರಡು ಕಲ್ಲುಕಂಬಗಳ ನಡುವೆ ಅಡ್ಡಹಾಸುಗಳನ್ನಿಟ್ಟು ಕಟ್ಟಿದ ತೂಬು ಇರುತ್ತದೆ. ಹಾಸುಗಳಲ್ಲಿ ಕೊರೆದ ಕಂಡಿಗಳೊಳಗಿಂದ ಉದ್ದನೆಯ ಮರದ ಗಳು ಇಳಿದು, ಅದರ ತುದಿಯ ಬಿರಡೆ ತಳದ ರಂಧ್ರವನ್ನು ಮುಚ್ಚಿರುತ್ತದೆ. ನೀರಗಂಟಿ ಈಜಿಕೊಂಡು ಹೋಗಿ ಗಳುವನ್ನು ಎಷ್ಟು ಎತ್ತಿ ನಿಲ್ಲಿಸಿದನೋ ಅಷ್ಟು ನೀರು ಅಚ್ಚುಕಟ್ಟಿಗೆ, ಅಂದರೆ ಆ ಕೆರೆಯಿಂದ ನೀರುಣ್ಣುವ ಗದ್ದೆಬಯಲಿಗೆ, ಹರಿಯುತ್ತದೆ. ಗದ್ದೆಯ ಒಡೆಯರು ತಾವಾಗಿ ನೀರು ತಿರುಗಿಸಿಕೊಳ್ಳುವಂತಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ಇಂತಿಷ್ಟು ಧಾನ್ಯವನ್ನು ಆಯವಾಗಿ, ಎಂದರೆ ಊರ ಚಾಕರಿಯ ಪಾಲಾಗಿ, ಎಲ್ಲರಿಂದಲೂ ಪಡೆಯುತ್ತಿದ್ದ ನೀರಗಂಟಿ ಯಾರೊಬ್ಬರ ಆಳೂ ಆಗಿರಲಿಲ್ಲ ಎಂಬುದೇ ಈ ವ್ಯವಸ್ಥೆಯ ಗುಟ್ಟು. ಕೆರೆ ಕಟ್ಟಿದವರಿಗೂ ರಿಪೇರಿ ಮಾಡಿಸಿದವರಿಗೂ ಅದರ ಕೆಳಗೆ ಭೂಮಿ ಬಿಟ್ಟುಕೊಡುತ್ತಿದ್ದ ಬಿತ್ತುವಟ್ಟ, ಕಟ್ಟುಕೊಡಗೆಯಂಥ ದತ್ತಿಗಳು ಶಾಸನಗಳ ಕಾಲದಿಂದ ನಡೆದುಬಂದಿದ್ದವು. ಇಪ್ಪತ್ತನೆಯ ಶತಮಾನದಲ್ಲಿ ಇದೆಲ್ಲ ಸಡಿಲವಾಯಿತು: ರೈತರ ಪಾಲಿನ ಕೆಲಸ ನಿಂತುಹೋಗುತ್ತಿದ್ದುದನ್ನು ಕಂಡ ಮೈಸೂರು ಸರ್ಕಾರ 1911ರಲ್ಲಿ ಕೆರೆ ಪಂಚಾಯಿತಿಗಳ ಕಾನೂನು ತಂದಿತು, 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನೇ ರದ್ದುಪಡಿಸಿತು. ರದ್ದಾದದ್ದು ನ್ಯಾಯವೇ ಆಗಿತ್ತು. ಹಳೆಯ ವ್ಯವಸ್ಥೆಯಲ್ಲಿ ನೀರಿನ ಹಕ್ಕು ಅಚ್ಚುಕಟ್ಟಿನಲ್ಲಿ ಭೂಮಿಯುಳ್ಳವರದು, ತೂಬಿಗೆ ಇಳಿಯುವ ಮೈ ಮಾತ್ರ ಅನೇಕ ಊರುಗಳಲ್ಲಿ ಭೂಮಿಯಿಲ್ಲದ ದಲಿತರದು ಎಂಬುದನ್ನು ಮರೆತು ಅದನ್ನು ಕೊಂಡಾಡುವವರು ಏರಿಯ ಮೇಲೆ ನಿಂತು ನೋಡಿದವರೇ ಸರಿ. ಆದರೆ ಹುದ್ದೆ ಹೋದ ಜಾಗಕ್ಕೆ ಯಾರನ್ನು ನಿಲ್ಲಿಸಬೇಕೆಂದು ಕಾಯ್ದೆ ಯೋಚಿಸಲಿಲ್ಲ.

ಕೆರೆಯ ಸುತ್ತಲಿನ ಒಗ್ಗಟ್ಟು ಹೆಚ್ಚು ಸ್ಪಷ್ಟವಾಗಿ ತೋರುತ್ತಿದ್ದುದು ಕೆರೆ ಅರ್ಧವೇ ತುಂಬಿದ ವರ್ಷಗಳಲ್ಲಿ. ಅಂಥ ವರ್ಷ ದಕ್ಷಿಣ ಕರ್ನಾಟಕದ ಕೆಲವು ಅಚ್ಚುಕಟ್ಟುಗಳಲ್ಲಿ ದಾಮಾಶಾ ಎಂಬ ಪದ್ಧತಿ ನಡೆಯುತ್ತಿತ್ತು: ಇರುವ ನೀರಿಗೆ ಎಷ್ಟು ಗದ್ದೆ ಬೆಳೆದೀತೆಂದು ಅಂದಾಜು ಮಾಡಿ, ತೂಬಿಗೆ ಹತ್ತಿರದ ಅಷ್ಟು ಭೂಮಿಯನ್ನು ಮಾತ್ರ ನಾಟಿಗೆ ಎತ್ತಿಕೊಂಡು, ಅದನ್ನು ಅಚ್ಚುಕಟ್ಟಿನ ಎಲ್ಲ ಹಿಡುವಳಿದಾರರಿಗೂ ಅವರವರ ಹಿಡುವಳಿಗೆ ತಕ್ಕ ಪ್ರಮಾಣದಲ್ಲಿ ಆ ಒಂದು ಬೆಳೆಗೆ ಹಂಚುವುದು. ಮೇಲಿನ ಗದ್ದೆಯವನು ತನ್ನ ಗದ್ದೆಯಲ್ಲಿ ಕಡೆಯ ಗದ್ದೆಯವನು ನಾಟಿ ಹಾಕುವುದನ್ನು ಒಪ್ಪಿಕೊಳ್ಳಬೇಕು. ಇದು ಔದಾರ್ಯದಿಂದ ಆದದ್ದೆಂದು ಭಾವಿಸಬೇಕಾಗಿಲ್ಲ. ಕಡೆಯವನು ಬೇಸಿಗೆಯಲ್ಲಿ ಗುದ್ದಲಿ ಹಿಡಿದು ಬಾರದಿದ್ದರೆ ಏರಿ ನಿಲ್ಲದೆಂಬುದು ಮೇಲಿನವನಿಗೆ ಗೊತ್ತಿತ್ತು. ಕೊಳವೆಬಾವಿ ಬಂದದ್ದೇ ಈ ಹಂಗು ಹರಿಯಿತು. ತೆಂಗು, ಅಡಿಕೆ ಹಾಕಿದ ತೋಟದವನಿಗೆ ನೀರಗಂಟಿಯ ಸರದಿ ಬೇಡವಾಯಿತು. ಅವನ ಬಾವಿಗೆ ನೀರು ಜಿನುಗುವುದು ಆ ಕೆರೆಯಿಂದಲೇ ಆದರೂ, ನೆಲದೊಳಗಿಂದ ಬರುವ ನೀರಿಗೆ ಆಯ ಕೇಳಲು ಯಾರೂ ಕಣಕ್ಕೆ ಬರುವುದಿಲ್ಲ.

ತುಮಕೂರಿಗೆ ಸಮೀಪದ ಗೂಳೂರಿನಲ್ಲಿ ಕೆರೆಗೂ ಊರಿಗೂ ಇರುವ ನಂಟು ಇನ್ನೂ ಕಣ್ಣಿಗೆ ಕಾಣುವಂತಿದೆ. ಅಲ್ಲಿಯ ಗಣಪತಿ ಕಲ್ಲಿನದಲ್ಲ. ಗಣೇಶನ ಚೌತಿಯ ಹೊತ್ತಿಗೆ ಕೆರೆಯ ಮಣ್ಣು ತಂದು ಆರಂಭಿಸಿದ ಆಳೆತ್ತರ ಮೀರಿದ ಮೂರ್ತಿ ದೀಪಾವಳಿಯ ಬಲಿಪಾಡ್ಯಮಿಯ ಹೊತ್ತಿಗೆ ಸಿದ್ಧವಾಗಿ, ಅಂದಿನಿಂದ ವಾರಗಟ್ಟಲೆ ಪೂಜೆಗೊಂಡು, ಊರ ಹದಿನೆಂಟು ಕೋಮಿನವರೂ ಸೇರಿ ನಡೆಸುವ ಉತ್ಸವದ ಕೊನೆಗೆ ಪಟಾಕಿ ಬಾಣಬಿರುಸುಗಳ ನಡುವೆ ಮತ್ತೆ ಕೆರೆಗೇ ಇಳಿಯುತ್ತದೆ. ಬಣ್ಣ, ರಾಸಾಯನಿಕಗಳ ಪ್ರಶ್ನೆಯನ್ನು ಇಂದಿನ ಪರಿಸರವಾದಿಗಳು ಎತ್ತಬಹುದು, ಎತ್ತಲೂ ಬೇಕು. ಆದರೆ ಇಷ್ಟು ಕೋಮುಗಳಿಗೆ ಹಂಚಿಕೊಟ್ಟ ಹೊಣೆ ವರ್ಷವರ್ಷವೂ ತಪ್ಪದೆ ನಡೆಯಲು ಕಾರಣ, ಅದರಲ್ಲಿ ಪ್ರತಿಯೊಂದು ಮನೆತನದ ಮಾನವೂ ಸೇರಿಕೊಂಡಿರುವುದು. ಹೂಳೆತ್ತುವ ಕೆಲಸಕ್ಕೆ ಮಾನ ಸೇರಿಸುವ ಉಪಾಯವನ್ನು ಯಾವ ಇಲಾಖೆಯೂ ಇನ್ನೂ ಕಂಡುಹಿಡಿದಿಲ್ಲ.

ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ದೊಡ್ಡಕೆರೆಯ ಸ್ಥಿತಿ ಬೇರೆ. ಹಾಸನ ಜಿಲ್ಲೆಯ ಗೊರೂರಿನ ಜಲಾಶಯದಿಂದ ಹೊರಟ ಹೇಮಾವತಿಯ ನಾಲೆ ತುಮಕೂರು ಜಿಲ್ಲೆಗೆ ಬಂದ ಮೇಲೆ ಕೆರೆ ತುಂಬಿಸುವ ಮಾತು ಮೋಡಗಳಿಂದ ನಾಲೆಯ ಗೇಟುಗಳಿಗೆ ವರ್ಗವಾಯಿತು. ನಾಲೆಯ ಕಡೆಯ ಭಾಗದಲ್ಲಿರುವ ಕುಣಿಗಲ್ಲಿನವರು ತಮ್ಮ ಪಾಲಿನ ನೀರು ದಾರಿಯಲ್ಲೇ ಮುಗಿಯುತ್ತದೆ ಎನ್ನುತ್ತಾರೆ. ಅದನ್ನು ನೇರವಾಗಿ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆಯ ವಿರುದ್ಧ ತಮ್ಮ ಕೆರೆಗಳು ಬರಿದಾದಾವೆಂದು ಗುಬ್ಬಿ, ತುಮಕೂರು ಕಡೆಯವರು 2024 ಮತ್ತು 2025ರಲ್ಲಿ ಬೀದಿಗಿಳಿದರು. ಎರಡು ಕಡೆಯ ಆತಂಕವೂ ಸುಳ್ಳಲ್ಲ. ಗಮನಿಸಬೇಕಾದದ್ದೆಂದರೆ, ಮೇಲಿನ ಗದ್ದೆ ಮತ್ತು ಕಡೆಯ ಗದ್ದೆಯ ಹಳೆಯ ಜಗಳವೇ ಇಲ್ಲಿ ತಾಲ್ಲೂಕುಗಳ ಅಳತೆಗೆ ಬೆಳೆದು ನಿಂತಿದೆ, ಅದರ ಜೊತೆಗೆ ದಾಮಾಶಾ ಬೆಳೆದು ಬಂದಿಲ್ಲ. ಬೇಸಿಗೆಯಲ್ಲಿ ಒಂದೇ ಏರಿಯ ಮೇಲೆ ದುಡಿಯದವರು ಕೊರತೆಯನ್ನು ಹಂಚಿಕೊಳ್ಳಲು ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರುವುದಾದರೂ ಹೇಗೆ?

ತುಮಕೂರು ನಗರದ ಅಮಾನಿಕೆರೆ, ಗುತ್ತಿಗೆಗೆ ಬಿಡದೆ ಸರ್ಕಾರವೇ ನೇರವಾಗಿ ನೋಡಿಕೊಂಡದ್ದೆಂಬ ಹಳೆಯ ಕಂದಾಯದ ಅರ್ಥವನ್ನು ಹೆಸರಿನಲ್ಲಿ ಉಳಿಸಿಕೊಂಡಿದೆ. ನಗರಕ್ಕೆ ಕುಡಿಯುವ ನೀರು ಬರುವುದು ಹೇಮಾವತಿಯಿಂದ ತುಂಬಿಸುವ ಬುಗುಡನಹಳ್ಳಿ ಕೆರೆಯಿಂದ. ಹಾಗಾಗಿ ಅಮಾನಿಕೆರೆಗೆ ಉಳಿದ ಉದ್ಯೋಗ ಬಹುಮಟ್ಟಿಗೆ ನೋಡುವವರ ಕಣ್ಣು ತಣಿಸುವುದು. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಕೆರೆಯ ದಂಡೆಗೆ ಹೊಸ ರೂಪ ಬಂದಿತು, ಬೆಳಿಗ್ಗೆ ಸಂಜೆ ನಡೆಯುವವರ ಹೊಸದೊಂದು ಬಳಗವೂ ಬೆಳೆಯಿತು. ಈ ಬಳಗವನ್ನು ಹಗುರವಾಗಿ ಕಾಣಬಾರದು, ಏಕೆಂದರೆ ದಿನವೂ ಬರುವವರಿಗೆ ಮಾತ್ರ ನಿನ್ನೆಯ ವಾಸನೆಗೂ ಇಂದಿನದಕ್ಕೂ ಇರುವ ವ್ಯತ್ಯಾಸ ತಿಳಿಯುತ್ತದೆ, ಒಳಚರಂಡಿಯ ನೀರು ಸೇರಿದ್ದನ್ನು ಮೂಗು ಇಲಾಖೆಗಿಂತ ಮೊದಲು ಹೇಳುತ್ತದೆ. ಕೊರತೆಯಿರುವುದು ಒಂದೇ: ಇವರ ನಡಿಗೆ ದಂಡೆಯ ಸುತ್ತಲೇ ಸುತ್ತುತ್ತದೆ, ಕೆರೆಗೆ ನೀರು ತರುವ ರಾಜಕಾಲುವೆಯ ಉದ್ದಕ್ಕೆ ಹೋಗುವುದಿಲ್ಲ. ಒತ್ತುವರಿ, ಕಸ, ಕಟ್ಟಡದ ಅವಶೇಷ ಎಲ್ಲವೂ ಇರುವುದು ಆ ಕಾಲುವೆಯಲ್ಲಿ.

ಹೊಸ ಸಂಘಗಳನ್ನು ಕಟ್ಟುವ ಪ್ರಯತ್ನವೂ ನಡೆದಿದೆ. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಆರಂಭವಾದ ಜಲಸಂವರ್ಧನೆ ಯೋಜನೆ ತುಮಕೂರು ಜಿಲ್ಲೆಯನ್ನೂ ಸೇರಿಸಿಕೊಂಡು ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ನಮ್ಮೂರು ನಮ್ಮ ಕೆರೆ’ ಕಾರ್ಯಕ್ರಮ 2016ರಿಂದ ಊರಿನವರ ಸಮಿತಿಗಳ ಮೂಲಕ ಹೂಳೆತ್ತಿಸುತ್ತಿದೆ. ಇಂಥ ಸಂಘಗಳ ದೌರ್ಬಲ್ಯವೆಂದರೆ ಅವು ಕಾಮಗಾರಿಯೊಂದಿಗೆ ಹುಟ್ಟುವುದು. ಕಾಮಗಾರಿ ಮುಗಿದ ಮೇಲೆ ಮೀನಿನ ಹರಾಜಿನ ಹಣವನ್ನೋ, ಅಂಗಳದ ಜಾಲಿಮರಗಳ ಹರಾಜಿನ ಹಣವನ್ನೋ ಕೆರೆಗೇ ಖರ್ಚು ಮಾಡುವ ಅಧಿಕಾರ ಕೈಯಲ್ಲಿಲ್ಲದಿದ್ದರೆ ಸಭೆಗೆ ಬರುವವರಿರುವುದಿಲ್ಲ. ಹಕ್ಕಿಲ್ಲದ ಹೊಣೆಯನ್ನು ಯಾವ ಊರೂ ಹೆಚ್ಚು ಕಾಲ ಹೊತ್ತದ್ದಿಲ್ಲ.

ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಿರುವ ಕೆರೆಗಳು ಪಂಚಾಯತಿ ಸಂಸ್ಥೆಗಳ ವಶದಲ್ಲಿಯೂ, ಅದಕ್ಕೆ ಮೇಲ್ಪಟ್ಟು 2,000 ಹೆಕ್ಟೇರಿನವರೆಗಿನವು ಸಣ್ಣ ನೀರಾವರಿ ಇಲಾಖೆಯ ವಶದಲ್ಲಿಯೂ ಇವೆ. ತಮ್ಮೂರ ಕೆರೆ ಯಾರ ವಶದಲ್ಲಿದೆ, ಅದರ ಮೀನಿನ ಹರಾಜಿನ ಹಣ ಎಲ್ಲಿಗೆ ಹೋಯಿತು, ಕಾಲುವೆಯ ಅಳತೆ ಕೊನೆಯ ಸಲ ಎಂದು ಆಯಿತು ಎಂಬ ಪ್ರಶ್ನೆಗಳನ್ನು ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ಯಾವ ಓದುಗರೂ ಗ್ರಾಮಸಭೆಯಲ್ಲಿ ಎತ್ತಬಹುದು. ಯುಗಾದಿಯೊಳಗೆ ಎತ್ತಿದರೆ ಅದೇ ಬೇಸಿಗೆಯಲ್ಲಿ ಕೆಲಸವಾದೀತು. ಮುಂಗಾರು ಬಿದ್ದ ಮೇಲೆ ಎತ್ತಿದರೆ ಇನ್ನೊಂದು ವರ್ಷ ಕಾಯಬೇಕಾಗುತ್ತದೆ.