ಅವ್ವನ ಶೇಕಡಾ ಲೆಕ್ಕ

ನಮ್ಮ ಸಾಂಗ್ಲಿ-ಕೊಲ್ಹಾಪುರ ಸೀಮೆ ಕುಸ್ತಿಗೆ ಹೆಸರಾದದ್ದು. ಜತ್ತ ತಾಲೂಕಿನ ಕನ್ನಡ ಹಳ್ಳಿಗಳಲ್ಲೂ ಜಾತ್ರೆ ಬಂತೆಂದರೆ ಕುಸ್ತಿಯ ಮಾತೇ ಮಾತು. ಹೀಗಾಗಿ ತಾಕತ್ತು ಅಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಗಂಡಸಿನ ತೋಳು. ಬರಗಾಲದಾಗ ತಲೆ ಮೇಲೊಂದು, ಟೊಂಕದ ಮೇಲೊಂದು ಕೊಡ ಹೊತ್ತು ದೂರದ ಬಾವಿಯಿಂದ ನೀರು ತಂದ ಹೆಂಗಸರ ಕಾಲನ್ನು ಯಾರೂ ಈ ಲೆಕ್ಕಕ್ಕೆ ಹಿಡಿದವರಲ್ಲ.

ನಮ್ಮ ಮನೆಯಲ್ಲೂ ಇದೇ ಲೆಕ್ಕದ ಮೇಲೆ ಒಂದು ಸಣ್ಣ ಜಗಳ ಆಯಿತು. ಅಪ್ಪನಿಗೆ 74 ವರ್ಷ, ಅವ್ವನಿಗೆ 69. ದೀಪಾವಳಿಗೆ ಅವ್ವ ನೆಲಕ್ಕೆ ಕೂತು ಕರ್ಚಿಕಾಯಿ ಮಾಡಿದಳು, ಆಮೇಲೆ ಏಳಲಿಕ್ಕೆ ಆಗಲಿಲ್ಲ. ಇಬ್ಬರು ಹಿಡಿದು ಎಬ್ಬಿಸಬೇಕಾಯಿತು. ಅಂದಿನಿಂದ ಮದುವೆ, ಕುಬಸ ಯಾವುದಕ್ಕೂ ಹೋಗುವುದನ್ನು ಬಿಟ್ಟಳು. ಅಲ್ಲಿ ನೆಲಕ್ಕೆ ಕೂಡಬೇಕಲ್ಲ! ಡಾಕ್ಟರು ನೋಡಿ, ಮೊಣಕಾಲಿಗೆ ಅಂಥ ದೊಡ್ಡ ತೊಂದರೆ ಇಲ್ಲ, ತೊಡೆಯ ಸ್ನಾಯು ಸೊರಗಿದೆ, ಭಾರದ ವ್ಯಾಯಾಮ ಮಾಡಲಿ ಅಂದರು. ಅಪ್ಪನೂ ಜೊತೆಗೆ ನಿಂತ. ಬಟ್ಟೆಯ ಚೀಲಗಳಿಗೆ ಉಸುಕು ತುಂಬಿ, ತೂಕ ಮಾಡಿ ಇಬ್ಬರಿಗೂ ಬೇರೆ ಬೇರೆ ಕೊಟ್ಟೆ. ವಾರಕ್ಕೆ ಮೂರು ದಿನ ಚೀಲ ಎತ್ತುವುದು, ಕೈ ಊರದೆ ಕುರ್ಚಿಯಿಂದ ಎದ್ದು ಕೂಡುವುದು.

ಮೂರು ತಿಂಗಳ ಮೇಲೆ ಅಪ್ಪ ಟೇಪು ಹುಡುಕಿ ತಂದ. ಅವನ ತೋಳು ಒಂದು ಸೆಂಟಿಮೀಟರ್ ದಪ್ಪ ಆಗಿತ್ತು. ಅವ್ವನದು ಇದ್ದಲ್ಲೇ ಇತ್ತು ಅನ್ನಬಹುದು.

"ನೋಡಪಾ, ಇದೆಲ್ಲಾ ಗಂಡಸರ ಮೈಗೆ ಹತ್ತೋದು. ನಂದೇನು, ಸುಮ್ಮ ಉಸುಕು ಹೊರೂದು" ಅಂತ ಅವ್ವ ಚೀಲವನ್ನು ಮೂಲೆಗಿಟ್ಟಳು.

ಅವ್ವನ ಮಾತಿನಲ್ಲಿ ಅರ್ಧ ನಿಜ ಇದೆ. ಗಂಡಸರಿಗೆ ಮೊದಲೇ ಸ್ನಾಯು ಹೆಚ್ಚು, ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನೂ ವಯಸ್ಸಾದ ಮೇಲೂ ಹೆಂಗಸರಿಗಿಂತ ಬಹಳ ಹೆಚ್ಚು. 2021ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 50 ದಾಟಿದವರ ಮೇಲೆ ನಡೆದ 30 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಗಂಡಸರು 651, ಹೆಂಗಸರು 759. ಕಿಲೋ ಲೆಕ್ಕದಲ್ಲಿ, ಸ್ನಾಯುವಿನ ಗಾತ್ರದ ಲೆಕ್ಕದಲ್ಲಿ ಗಂಡಸರೇ ಮುಂದೆ. ಆದರೆ ಪ್ರತಿಯೊಬ್ಬರೂ ತಾವು ಮೊದಲು ಇದ್ದದ್ದಕ್ಕಿಂತ ಶೇಕಡಾ ಎಷ್ಟು ಬೆಳೆದರು ಅಂತ ನೋಡಿದರೆ, ಸ್ನಾಯುವಿನ ಬೆಳವಣಿಗೆಯಲ್ಲಿ ಗಂಡು ಹೆಣ್ಣಿಗೆ ವ್ಯತ್ಯಾಸವೇ ಕಾಣಲಿಲ್ಲ. ಕಾಲಿನ ಬಲದಲ್ಲಂತೂ ಹೆಂಗಸರೇ ಮುಂದಿದ್ದರು.

ನಾನು ಗಣಿತ ಕಲಿಸುವವನು, ಬಿಡುವುದುಂಟೆ? ಬರೆದಿಟ್ಟ ನೋಟ್‌ಬುಕ್ ತೆಗೆದು ಅವ್ವನ ಮುಂದೆ ಕೂತೆ. ಅಪ್ಪ ಒಂದು ಕೈಯಲ್ಲಿ 8 ಕಿಲೋ ಎತ್ತುತ್ತಿದ್ದವನು 10ಕ್ಕೆ ಬಂದಿದ್ದಾನೆ. ಅವ್ವ 4ರಿಂದ 5ಕ್ಕೆ. ಅವನಿಗೆ ಎರಡು ಕಿಲೋ, ಇವಳಿಗೆ ಒಂದೇ. ಆದರೆ ನಮ್ಮ ಏಳನೇ ತರಗತಿ ಹುಡುಗರನ್ನು ಕೇಳಿ, ಇಬ್ಬರದೂ ಶೇಕಡಾ 25. ಇನ್ನು ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಏಳುತ್ತಾರೆ ಅನ್ನುವುದು. ಅಪ್ಪ 9ರಿಂದ 12, ಅವ್ವ 6ರಿಂದ 10. ಅಪ್ಪನಿಗೆ ಶೇಕಡಾ 33, ಅವ್ವನಿಗೆ ಹತ್ತಿರ ಹತ್ತಿರ 67. (ಇದು ಒಂದು ಮನೆಯ ಲೆಕ್ಕ, ಇದರಿಂದ ಏನೂ ಸಿದ್ಧ ಆಗುವುದಿಲ್ಲ ಅಂತ ನನಗೂ ಗೊತ್ತು. ಆದರೆ ಅವ್ವನಿಗೆ ಬೇಕಾದದ್ದು ಅವಳದೇ ಲೆಕ್ಕ.)

"ಹಂಗಾದ್ರ ದಪ್ಪ ಯಾಕ ಆಗಿಲ್ಲ?"

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ 1994ರ ಒಂದು ಪ್ರಯೋಗದಲ್ಲಿದೆ. ಅಮೆರಿಕದ ಬಾಸ್ಟನ್ನಿನಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಅವರ ಜೊತೆಯವರು ಆರೈಕೆ ಮನೆಯಲ್ಲಿದ್ದ ನೂರು ಜನ ವೃದ್ಧರನ್ನು ಸೇರಿಸಿಕೊಂಡರು. 63 ಹೆಂಗಸರು, 37 ಗಂಡಸರು, ಸರಾಸರಿ ವಯಸ್ಸು 87! ಅವರಲ್ಲಿ ಭಾರದ ವ್ಯಾಯಾಮ ಮಾಡಿದವರ ಬಲ ಹತ್ತು ವಾರದಲ್ಲಿ ಎರಡು ಪಟ್ಟು ದಾಟಿತು, ಶೇಕಡಾ 113 ಏರಿಕೆ. ಅವರ ತೊಡೆಯ ಸ್ನಾಯು ಎಷ್ಟು ಬೆಳೆಯಿತು ಗೊತ್ತೇ? ಶೇಕಡಾ 2.7 ಮಾತ್ರ. ಮೊದಮೊದಲು ಬರುವ ಬಲ ಬಹುಪಾಲು ನರಗಳದ್ದು. ಮಲಗಿದ್ದ ಸ್ನಾಯುವಿನ ಎಳೆಗಳನ್ನು ಕೆಲಸಕ್ಕೆ ಕರೆಯುವುದನ್ನು ಮಿದುಳು ಮತ್ತೆ ಕಲಿಯುತ್ತದೆ. ಅದು ಟೇಪಿಗೆ ಸಿಗುವುದಿಲ್ಲ.

ನನಗೆ ಇದಕ್ಕಿಂತ ದೊಡ್ಡದಾಗಿ ಕಂಡ ಮಾತು ಇನ್ನೊಂದಿದೆ. ನೆಲದಿಂದ ಏಳಲಿಕ್ಕೆ, ಶೌಚಕ್ಕೆ ಕೂತು ಏಳಲಿಕ್ಕೆ, ಬಸ್ಸಿನ ಮೆಟ್ಟಿಲು ಹತ್ತಲಿಕ್ಕೆ ಇಂತಿಷ್ಟು ಬಲ ಬೇಕೇ ಬೇಕು. ಅಪ್ಪ ಆ ಗೆರೆಗಿಂತ ಬಹಳ ಮೇಲಿದ್ದಾನೆ. ಅವನಿಗೆ ಸಿಕ್ಕ ಎರಡು ಕಿಲೋ ಕಟ್ಟೆಯ ಮೇಲೆ ಹೇಳಿಕೊಳ್ಳಲಿಕ್ಕೆ. ಅವ್ವ ಮಾತ್ರ ಗೆರೆಯ ಹತ್ತಿರವೇ ಓಲಾಡುತ್ತಿದ್ದಾಳೆ. ಅವಳಿಗೆ ಸಿಕ್ಕ ಒಂದು ಕಿಲೋ ಅಂದರೆ ಸೊಸೆಯನ್ನು ಕೂಗದೆ ತಾನೇ ಏಳುವುದು. ಹೆಂಗಸರು ಕಡಿಮೆ ಸ್ನಾಯುವಿನಿಂದ ಮುಪ್ಪಿಗೆ ಕಾಲಿಡುತ್ತಾರೆ, ಗಂಡಸರಿಗಿಂತ ಹೆಚ್ಚು ವರ್ಷ ಬದುಕುತ್ತಾರೆ. ವ್ಯಾಯಾಮದ ಚೀಲ ಯಾರಿಗೆ ಹೆಚ್ಚು ಬೇಕು, ನೀವೇ ಹೇಳಿ.

ಊಟದ ವಿಷಯ ಹೇಳದಿದ್ದರೆ ಪೂರ್ತಿ ಆಗುವುದಿಲ್ಲ. ವಯಸ್ಸಾದವರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ ತಜ್ಞರು (ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳಬೇಕು). ಅವ್ವನ ತೂಕ 48 ಕಿಲೋ, ಅಂದರೆ 48ರಿಂದ 58 ಗ್ರಾಂ. ನಮ್ಮ ಮನೆಯಲ್ಲಿ ಅಪ್ಪನಿಗೆ ಕೆನೆಹಾಲು, ಅವ್ವನಿಗೆ ಕೊನೆಗೆ ಉಳಿದ ರೊಟ್ಟಿ, ಪಲ್ಯದ ರಸ. ಇದು ನಮ್ಮ ಮನೆಯ ಕತೆ ಮಾತ್ರ ಅಲ್ಲ, ಓದುತ್ತಿರುವ ಅಕ್ಕಂದಿರಿಗೆ ಗೊತ್ತಿದೆ. ಈಗ ನನ್ನ ಹೆಂಡತಿ ಒಂದು ಉಪಾಯ ಮಾಡಿದ್ದಾಳೆ. ಅವ್ವನ ಪಾಲಿನ ಹೆಸರುಕಾಳು ಉಸುಳಿ, ಮೊಸರು, ಶೇಂಗಾ ಹಿಂಡಿ ಎಲ್ಲಾ ಮೊದಲೇ ಬೇರೆ ತಾಟಿಗೆ ತೆಗೆದಿಟ್ಟು, ಮಕ್ಕಳ ಜೊತೆಗೇ ಉಣ್ಣಲಿಕ್ಕೆ ಕೂಡಿಸುತ್ತಾಳೆ. "ಎಲ್ಲಾರಿಗಿಂತ ಮೊದಲ ಉಣ್ಣೂದು ಛಲೋ ಕಾಣೂದಿಲ್ಲವಾ" ಅನ್ನುತ್ತಲೇ ಅವ್ವ ಉಣ್ಣುತ್ತಾಳೆ.

ಚೀಲ ಮೂಲೆಯಿಂದ ಹೊರಗೆ ಬಂದಿದೆ. ಕುರ್ಚಿ ಸುಲಭ ಆಯಿತೆಂದು ಹೋದ ವಾರದಿಂದ ಗಿಡ್ಡ ಸ್ಟೂಲು ಇಟ್ಟಿದ್ದೇವೆ. ಕೈ ಊರದೆ ಎರಡು ಸಲ ಏಳುತ್ತಾಳೆ, ಮೂರನೆಯದಕ್ಕೆ ಇನ್ನೂ ಗೋಡೆ ಬೇಕು.