ಅಂಗಳದ ರೇಖಾಗಣಿತ

ನಾನು ಚರಿತ್ರೆಯ ಪಾಠ ಹೇಳುವವನು. ರೇಖಾಗಣಿತಕ್ಕೂ ನನಗೂ ಇದ್ದ ಸಂಬಂಧ ಪ್ರೌಢಶಾಲೆಯ ಕೊನೆಯ ಪರೀಕ್ಷೆಯ ದಿನವೇ ಕಡಿದುಹೋಯಿತು. ಅದಕ್ಕೆ ಇಬ್ಬರ ಒಪ್ಪಿಗೆಯೂ ಇತ್ತೆಂದು ಕಾಣುತ್ತದೆ. ನನ್ನ ತಂದೆಯವರು 33 ವರ್ಷ ಗಣಿತದ ಮೇಷ್ಟರಾಗಿದ್ದರೆಂಬುದು ಈ ವಿಷಯದಲ್ಲಿ ನನಗೆ ಯಾವ ಉಪಕಾರವನ್ನೂ ಮಾಡಲಿಲ್ಲ. ಕೈವಾರದ ಸಹಾಯವಿಲ್ಲದೆ ಕರಿಹಲಗೆಯ ಮೇಲೆ ಒಂದೇ ಸುತ್ತಿನಲ್ಲಿ ವೃತ್ತ ಬರೆಯುತ್ತಿದ್ದವರು ಅವರು. ಅವರ ಮಗ ಬರೆದ ವೃತ್ತವನ್ನು ಕುಂಬಳಕಾಯಿಯೆಂದು ಹೇಳಿದರೂ ನಡೆಯುತ್ತಿತ್ತು. ಇಂಥವನು 46ನೆಯ ವಯಸ್ಸಿನಲ್ಲಿ ಗೂಟ, ಹಗ್ಗ, ಸುಣ್ಣದ ಪುಡಿ ಹಿಡಿದು ಅಂಗಳದಲ್ಲಿ ಓಡಾಡುವಂತಾದದ್ದು ಮನೆ ಕಟ್ಟಿಸಿದ ತಪ್ಪಿಗೆ.

ನಮ್ಮ ನಿವೇಶನ 60 ಅಡಿ ಅಗಲ, 80 ಅಡಿ ಉದ್ದ. 2016ರಲ್ಲಿ ಮನೆ ಮುಗಿದಾಗ ಮುಂಭಾಗದಲ್ಲಿ 60 ಅಡಿ ಅಗಲ, 30 ಅಡಿ ಆಳದ ನೆಲ ಉಳಿಯಿತು. ಕೈಯಲ್ಲಿ ಹಣ ಉಳಿಯಲಿಲ್ಲ. ನಮ್ಮಲ್ಲಿ ತೋಟವೆಂದರೆ ಗಿಡ ನೆಡುವುದು ಎಂದೇ ಅರ್ಥ. ಅಮ್ಮ ತವರಿನಿಂದ ದಾಸವಾಳದ ಕಡ್ಡಿಗಳನ್ನು ತಂದರು. ನನ್ನಾಕೆ ಕನಕಾಂಬರ ಹಾಕಿದಳು. ಸ್ನೇಹಿತರು ಒಬ್ಬೊಬ್ಬರೂ ಒಂದೊಂದು ಸಸಿ ಕೊಟ್ಟರು. ಕೊಟ್ಟವರು ಬಂದಾಗ ಕಾಣಬೇಕಲ್ಲ ಎಂದು ಅವನ್ನೆಲ್ಲ ಗೇಟಿನ ಹತ್ತಿರವೇ ನೆಟ್ಟದ್ದಾಯಿತು. ಎರಡು ಮಳೆಗಾಲ ಕಳೆಯುವುದರಲ್ಲಿ ಅಂಗಳ ಸಂತೆಯ ಹಾಗೆ ಕಾಣತೊಡಗಿತು. ಗಿಡಗಳೆಲ್ಲ ಚೆನ್ನಾಗಿಯೇ ಇದ್ದವು. ತೋಟ ಮಾತ್ರ ಇರಲಿಲ್ಲ.

ಆಗ ನಾನು ಓದಲು ಹೊರಟೆ. ಚರಿತ್ರೆಯವನಾದ್ದರಿಂದ ಬಾಬರನಿಂದಲೇ ಆರಂಭವಾಯಿತು. 1526ರಲ್ಲಿ ಹಿಂದೂಸ್ಥಾನಕ್ಕೆ ಬಂದ ಆತ ಇಲ್ಲಿನ ಸೆಕೆ, ಧೂಳು, ಅಚ್ಚುಕಟ್ಟಿಲ್ಲದ ನೆಲಗಳನ್ನು ಕಂಡು ಬೇಸತ್ತು, ಆಗ್ರಾದಲ್ಲಿ ಯಮುನೆಯ ದಡದ ಮೇಲೆ ನೇರ ರೇಖೆಗಳ ತೋಟ ಹಾಕಿಸಿದ. ಒಂದು ಚೌಕವನ್ನು ಎರಡು ಕಾಲುವೆಗಳಿಂದ ನಾಲ್ಕು ಚೌಕ ಮಾಡುವುದು, ಬೇಕಾದರೆ ಅವನ್ನು ಮತ್ತೆ ನಾಲ್ಕು ಮಾಡುವುದು, ಇಷ್ಟೇ ಚಾರ್‌ಬಾಗಿನ ಸೂತ್ರ. ಹೈದರಾಲಿ 1760ರಲ್ಲಿ ಲಾಲ್‌ಬಾಗನ್ನು ಆರಂಭಿಸಿದ್ದು ಶಿರಾದ ಮೊಗಲ್ ತೋಟವನ್ನು ಕಂಡು ಎಂದು ಹೇಳುತ್ತಾರೆ. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲದ ಬೃಂದಾವನದಲ್ಲಿಯೂ ನಡುವೆ ನೀರು, ಎರಡು ಕಡೆಗೂ ಒಂದೇ ಅಳತೆಯ ಪಾತಿಗಳು. ಇವೆಲ್ಲ ಅರಸುಮಕ್ಕಳ ಮಾತಾಯಿತು. 30 ಅಡಿಯ ಒಡೆಯನಿಗೆ ದಾರಿ ತೋರಿಸಿದವನು ಅಮೆರಿಕದ ಥಾಮಸ್ ಚರ್ಚ್. 1955ರಲ್ಲಿ ಆತ ಬರೆದ ಪುಸ್ತಕದ ಹೆಸರೇ 'ತೋಟಗಳಿರುವುದು ಜನರಿಗಾಗಿ' ಎಂಬ ಅರ್ಥದ್ದು. ಹೆಸರನ್ನು ನಾನು ಆಗ ಓದಿದೆ. ಅದರ ಅರ್ಥ ನನಗಾದದ್ದು ತಡವಾಗಿ.

ಈ ಓದಿನಿಂದ ನನಗೆ ತಿಳಿದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಮೊದಲು ಗಿಡವಲ್ಲ, ಬರಿಯ ನೆಲದ ಆಕಾರ. ಮನೆಯ ಮೂಲೆ, ಬಾಗಿಲು, ಕಿಟಕಿಗಳಿಂದ ರೇಖೆಗಳನ್ನು ಅಂಗಳಕ್ಕೆ ಎಳೆದುಕೊಳ್ಳಬೇಕು. ಆಗ ತೋಟ ಮನೆಗೆ ಅಂಟಿಕೊಳ್ಳುತ್ತದೆ. ಆಮೇಲೆ ವೃತ್ತವೋ ಚೌಕವೋ ಓರೆಗೆರೆಯೋ, ಒಂದೇ ಕುಲದ ಆಕೃತಿಯನ್ನು ಹಿಡಿದು ಅದನ್ನೇ ದೊಡ್ಡದು ಚಿಕ್ಕದು ಮಾಡಿ ಜೋಡಿಸಬೇಕು. ಹುಲ್ಲು, ದಾರಿ, ಪಾತಿ ಎಲ್ಲವೂ ಆ ಆಕೃತಿಯೊಳಗೆ ಬರಬೇಕು. ಗಿಡದ ಸರದಿ ಕೊನೆಗೆ. ಇದನ್ನು ಮನೆಯಲ್ಲಿ ದೊಡ್ಡ ಆವಿಷ್ಕಾರವೆಂಬಂತೆ ವಿವರಿಸಿದಾಗ ಅಮ್ಮ, "ರಂಗೋಲಿಗೆ ಮೊದಲು ಚುಕ್ಕಿ ಇಡಲ್ವೇನೋ, ಹಾಗೆ" ಎಂದು ಒಳಗೆ ಹೋದರು.

ನಾನು ವೃತ್ತವನ್ನು ಆರಿಸಿದೆ. ಕಾರಣ ಹೇಳಲು ನಾಚಿಕೆಯಾಗುತ್ತದೆ. ಬೀದಿಯ ಎಲ್ಲ ಮನೆಗಳಲ್ಲೂ ಗೇಟಿನಿಂದ ಬಾಗಿಲಿಗೆ ನೇರ ದಾರಿಯಿತ್ತು. ನಮ್ಮಲ್ಲಿ ಬಳಸುದಾರಿ ಇರಲೆಂಬ ಚಪಲ. 2018ರ ಬೇಸಿಗೆ ರಜೆಯಲ್ಲಿ ಒಬ್ಬ ಆಳನ್ನು ಕರೆದುಕೊಂಡು ಅಂಗಳವನ್ನೆಲ್ಲ ಕೀಳಿಸಿ, ಮುಂದಿನ ಗೋಡೆಯ ಬದಿಯಲ್ಲಿದ್ದ ಅಮ್ಮನ ದಾಸವಾಳದ ಸಾಲನ್ನು ಮಾತ್ರ ಬಿಟ್ಟು, ನೆಲ ಸಮಮಾಡಿಸಿದೆ. ಎಡಗೋಡೆಯಿಂದ 15 ಅಡಿಗೆ ಗೂಟ ಹೊಡೆದು, 12 ಅಡಿ ಹಗ್ಗ ಕಟ್ಟಿ ಸುತ್ತು ಬಂದೆ. ಎಂಥ ವೃತ್ತ! ನನ್ನ ಜನ್ಮದಲ್ಲೇ ಅಂಥದನ್ನು ಬರೆದಿರಲಿಲ್ಲ. ಅದರ ಪಕ್ಕಕ್ಕೆ 9 ಅಡಿ ತ್ರಿಜ್ಯದ ಇನ್ನೊಂದನ್ನು, ಕೇಂದ್ರಗಳ ನಡುವೆ 20 ಅಡಿ ಬಿಟ್ಟು, ದೊಡ್ಡದರ ಅಂಚನ್ನು ಸ್ವಲ್ಪವೇ ಕಚ್ಚುವಂತೆ ಬರೆದೆ.

ಅಪ್ಪ ಜಗಲಿಯ ಮೇಲೆ ಕುಳಿತಿದ್ದರು. ಇಳಿದು ಬಂದು ನೋಡಿರೆಂದರೆ ಬರಲಿಲ್ಲ. "ಅಳತೆ ಹೇಳು" ಎಂದರು. ಹೇಳಿದೆ.

"12, 9, ನಡುವೆ 20. ಎರಡೂ ವೃತ್ತ ಕೂಡುವಲ್ಲಿ ಕೊಂಬಿನ ಹಾಗೆ ಚೂಪು ಬಂದಿರಬೇಕಲ್ಲ?"

ಬಂದಿತ್ತು.

"ಆ ಚೂಪಿನಲ್ಲಿ ಹುಲ್ಲು ನಿಲ್ಲೋದಿಲ್ಲ. ಕುಡುಗೋಲೂ ಆಡೋದಿಲ್ಲ, ನೀರೂ ನಿಲ್ಲೋದಿಲ್ಲ. ವೃತ್ತಗಳು ಲಂಬಕೋನದಲ್ಲಿ ಕತ್ತರಿಸಬೇಕಯ್ಯ. ಒಂದರ ತ್ರಿಜ್ಯ ಇನ್ನೊಂದಕ್ಕೆ ಸ್ಪರ್ಶರೇಖೆ ಆಗಬೇಕು. 12ರ ವರ್ಗ 144, 9ರ ವರ್ಗ 81, ಕೂಡಿದರೆ 225. ಕೇಂದ್ರಗಳ ನಡುವೆ 15 ಇಡು."

ಗೂಟ ಕಿತ್ತು 15 ಅಡಿಗೆ ಹೊಡೆದೆ. ಕೊಂಬು ಹೋಯಿತು. ಎರಡು ವೃತ್ತಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಂತೆ ಕಂಡವು. ಯೌವನದಲ್ಲಿ ಈ ಮನುಷ್ಯರಿಂದ ಇಷ್ಟು ಸುಲಭವಾಗಿ ಪಾಠ ಹೇಳಿಸಿಕೊಳ್ಳಲು ನನಗೇಕೆ ಆಗಲಿಲ್ಲವೋ! ಆದರೂ ಮನಸ್ಸಿನಲ್ಲಿ ಒಂದು ಕೊರಗು ಉಳಿಯಿತು. ನಾಲ್ಕು ಮೆಟ್ಟಿಲಿಳಿದು ಬಂದು ಮಗನ ವೃತ್ತವನ್ನು ನೋಡಬಾರದಿತ್ತೇ? ಮುದುಕರಿಗೆ ಸೋಮಾರಿತನ ಎಂದುಕೊಂಡೆ.

ದೊಡ್ಡ ವೃತ್ತದ ಅಂಚಿನುದ್ದಕ್ಕೂ ಎರಡೂವರೆ ಅಡಿಯ ದಾರಿ, ಒಳಗೆ ಹುಲ್ಲು. ಚಿಕ್ಕ ವೃತ್ತದಲ್ಲಿ ಚೆಂಡುಹೂ. ದಾರಿಯ ಅಂಚಿಗೆ ಇಟ್ಟಿಗೆಗಳನ್ನು ಹಲ್ಲಿನಂತೆ ಓರೆಯಾಗಿ ನಾನೇ ನಿಲ್ಲಿಸಿದೆ. ಬಂದವರೆಲ್ಲ ಹೊಗಳಿದರು. ಇಬ್ಬರು ಸಹೋದ್ಯೋಗಿಗಳು ಅಳತೆ ಬರೆದುಕೊಂಡು ಹೋದರು.

2019ರ ನವೆಂಬರಿನ ಒಂದು ಬೆಳಿಗ್ಗೆ ಅಪ್ಪ ಆ ಇಟ್ಟಿಗೆಯ ಸಾಲನ್ನು ಎಡವಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಮೂಳೆ ನೋಡಿದ ವೈದ್ಯರು ಕಣ್ಣು ನೋಡಿಸಿರೆಂದರು. ಗ್ಲಾಕೋಮಾ. ಈ ವ್ಯಾಧಿ ಮೊದಲು ಬದಿಯ ನೋಟವನ್ನು ತಿನ್ನುತ್ತ ಬರುತ್ತದಂತೆ; ಎದುರಿನದು ಕಾಣುತ್ತಲೇ ಇರುವುದರಿಂದ ಮನೆಯವರಿಗೆ ತಿಳಿಯುವುದಿಲ್ಲ, ಎಷ್ಟೋ ವೇಳೆ ರೋಗಿಗೂ ತಿಳಿಯುವುದಿಲ್ಲ. ಹೋದದ್ದು ಮರಳುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ಕಣ್ಣಿಗೆ ಹನಿ. ಅಪ್ಪನಿಗೆ ಉಳಿದದ್ದು ಕೊಳವೆಯಲ್ಲಿ ಇಣುಕಿದಷ್ಟು ಬೆಳಕು.

ಆದರೆ ನಮ್ಮ ರೋಗಿಗೆ ತಿಳಿದಿತ್ತು. ಹಾಸಿಗೆಯಿಂದ ಬಚ್ಚಲಿಗೆ 9 ಹೆಜ್ಜೆ, ಅಡಿಗೆಮನೆಗೆ 14, ಜಗಲಿಗೆ 17. ಎಲ್ಲವನ್ನೂ ಎಣಿಸಿಟ್ಟುಕೊಂಡು ನಮ್ಮೆದುರಿಗೆ ಕಣ್ಣಿದ್ದವರಂತೆ ಓಡಾಡುತ್ತಿದ್ದರು.

"ಎಷ್ಟು ದಿನದಿಂದ ಅಪ್ಪಾ?"

"ನೀನು ವೃತ್ತ ಬರೆದಾಗಲೇ ಸರಿಯಾಗಿ ಕಾಣ್ತಿರಲಿಲ್ಲ."

ನನಗೆ ಮಾತು ಹೊರಡಲಿಲ್ಲ. ಅಳತೆ ಕೇಳಿದ್ದು ಅದಕ್ಕೆ. ಸುಮ್ಮನಿರಲಾರದೆ, ಹಾಗಾದರೆ ಮನೆಯೊಳಗೆ ಬೀಳದವರು ಅಂಗಳದಲ್ಲಿ ಹೇಗೆ ಬಿದ್ದಿರಿ ಎಂದೆ. ಅವರು ವಾರ್ಷಿಕ ಪರೀಕ್ಷೆಯ ಉತ್ತರವನ್ನು ತಿದ್ದುವ ಧ್ವನಿಯಲ್ಲಿ ಹೇಳಿದರು: "ನೇರ ದಾರಿಯಾದರೆ ಇಷ್ಟು ಹೆಜ್ಜೆಗೆ ತಿರುಗು ಅಂತ ಲೆಕ್ಕ ಇಟ್ಕೋಬಹುದು. ವೃತ್ತದಲ್ಲಿ ಎಲ್ಲಿ ತಿರುಗೋದು? ಹೆಜ್ಜೆ ಹೆಜ್ಜೆಗೂ ತಿರುಗಬೇಕು."

ಆ ವಾರವೇ ಎಲ್ಲವನ್ನೂ ಕಿತ್ತುಹಾಕಿ ಗೇಟಿಗೆ ಒಂದು ನೇರ ಚಪ್ಪಡಿ ಹಾಸಿಬಿಡುತ್ತೇನೆಂದು ಹೊರಟೆ. ಅಪ್ಪ ಬಿಡಲಿಲ್ಲ. ಒಳ್ಳೆಯ ವೃತ್ತವನ್ನು ಕೆಡಿಸಬೇಡ, ಅದರ ಸುತ್ತ ಚೌಕ ಬರೆ ಎಂದರು. 12 ಅಡಿ ತ್ರಿಜ್ಯದ ವೃತ್ತ 24 ಅಡಿಯ ಚೌಕದೊಳಗೆ ಸರಿಯಾಗಿ ಕೂಡುತ್ತದೆ. ಅಂಗಳದ ಆಳ 30. ಅಂದರೆ ಚೌಕದ ಸುತ್ತ 3 ಅಡಿ ಅಗಲದ ದಾರಿಗೆ ಸರಿಯಾಗಿ ಜಾಗ.

ಮೂಲೆಗಳು ಲಂಬವಾಗಿರಬೇಕಲ್ಲ, ಗಾರೆಯವನ ಮೂಲೆಮಟ್ಟ ಇಷ್ಟು ಉದ್ದದ ಗೆರೆಗೆ ಸಾಲದು. ಹಗ್ಗದಲ್ಲಿ 6, 8, 10 ಅಡಿಗೆ ಗಂಟು ಹಾಕಿ ತ್ರಿಕೋನ ಎಳೆದೆವು. ಶುಲ್ಬವೆಂದರೆ ಹಗ್ಗ; ಬೌಧಾಯನನ ಶುಲ್ಬಸೂತ್ರದಲ್ಲಿ ಯಜ್ಞವೇದಿಗಳನ್ನು ಅಳೆದದ್ದೂ ಹಗ್ಗ, ಗೂಟಗಳಿಂದಲೇ. ಅಲ್ಲಿ ಗಾರ್ಹಪತ್ಯ ದುಂಡು, ಆಹವನೀಯ ಚೌಕ, ದಕ್ಷಿಣಾಗ್ನಿ ಅರ್ಧಚಂದ್ರ. ನಮ್ಮ ಅಂಗಳದಲ್ಲಿಯೂ ಕೊನೆಗೆ ಈ ಮೂರೇ ಆಕಾರಗಳು ಉಳಿದವು: ಹೊಸ ದಾರಿಯ ಹೊರ ಅಂಚು ಚಿಕ್ಕ ವೃತ್ತದ ಕೇಂದ್ರದ ಮೇಲೆಯೇ ಹಾದು, ಚೆಂಡುಹೂವಿಗೆ ಅರ್ಧವೃತ್ತವನ್ನು ಬಿಟ್ಟಿತು. ವೇದಿಗಳ ಕ್ಷೇತ್ರಫಲ ಮೂರಕ್ಕೂ ಸಮ, ನಮ್ಮದು ಸಮವಲ್ಲ. ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ಕ್ಷೇಮ.

ದಾರಿಗೆ ಒರಟು ಕಲ್ಲಿನ ಚಪ್ಪಡಿ. ಅಂಚಿಗೆ ಇಟ್ಟಿಗೆಯಿಲ್ಲ, ಕಾಲಿಗೆ ತಿಳಿಯುವಷ್ಟು ಜಲ್ಲಿ. ದಾರಿಯ ನಡುಗೆರೆ ಒಂದೊಂದು ಬದಿಗೆ 27 ಅಡಿ. ಅಪ್ಪನ ಹೆಜ್ಜೆ ಒಂದೂವರೆ ಅಡಿ, ಆದ್ದರಿಂದ 18 ಹೆಜ್ಜೆ, ಬಲಕ್ಕೆ ತಿರುಗು, ಮತ್ತೆ 18. ಒಂದು ಸುತ್ತಿಗೆ 72 ಹೆಜ್ಜೆ, 108 ಅಡಿ. 108 ಎಂಬುದನ್ನು ಕೇಳಿ ಅಮ್ಮನಿಗೆ ಬಹಳ ಸಂತೋಷವಾಯಿತು. ಅಪ್ಪ ಮಾತ್ರ ಅದು ಬರಿಯ ಗುಣಾಕಾರವೆಂದರು.

ವೃತ್ತಕ್ಕೂ ಚೌಕಕ್ಕೂ ನಡುವೆ ಉಳಿದ ನಾಲ್ಕು ಮೂಲೆಗಳು ಒಟ್ಟು 124 ಚದರಡಿ, ಒಂದೊಂದಕ್ಕೆ 31. ತಿರುವು ಮೂಗಿಗೂ ತಿಳಿಯಲೆಂದು ಒಂದರಲ್ಲಿ ತುಳಸಿ, ಒಂದರಲ್ಲಿ ಮರುಗ, ಒಂದರಲ್ಲಿ ದೊಡ್ಡಪತ್ರೆ, ಒಂದರಲ್ಲಿ ಮಜ್ಜಿಗೆಹುಲ್ಲು ಹಾಕಿದ್ದೇವೆ. ವಾಸನೆಯ ಅವಶ್ಯಕತೆ ತಮಗಿಲ್ಲ, ಲೆಕ್ಕವೇ ಸಾಕು ಎಂಬುದು ಅಪ್ಪನ ವಾದ. ತಿರುಗುವಾಗ ಕೈ ಚಾಚಿ ಎಲೆ ಕಿವುಚುವುದನ್ನೇನೋ ನಾನು ಕಂಡಿದ್ದೇನೆ.

ಎಲ್ಲವೂ ಸರಿಹೋಯಿತೆಂದು ತಿಳಿಯಬೇಡಿ. ದಾಸವಾಳದ ಸಾಲನ್ನು ದಾರಿಗಾಗಿ ಕಿತ್ತು ಬೇರೆಡೆ ನೆಟ್ಟದ್ದರಲ್ಲಿ ಎರಡು ಗಿಡ ಸತ್ತವು. ಒಂದು ಅಮ್ಮನ ತವರಿನ ಬಿಳಿಯದು. ಅದರ ಮಾತು ಪೂಜೆಯ ಹೊತ್ತಿನಲ್ಲಿ ಈಗಲೂ ಬರುತ್ತದೆ. ಚೌಕ ವೃತ್ತವನ್ನು ಮುಟ್ಟುವ ನಾಲ್ಕು ಕಡೆಯೂ, ಅಂದು ಅಪ್ಪ ಬೇಡವೆಂದ ಆ ಕೊಂಬುಗಳೇ ಎರಡೆರಡರಂತೆ ಎಂಟು ಹುಟ್ಟಿಕೊಂಡಿವೆ; ಅಲ್ಲಿ ಹುಲ್ಲು ಒಣಗುತ್ತದೆ. ತಿಳಿಸಿದಾಗ, "ಸ್ಪರ್ಶಬಿಂದುವಿನಲ್ಲಿ ಕೋನ ಸೊನ್ನೆ. ಅದಕ್ಕೇನೂ ಮಾಡೋ ಹಾಗಿಲ್ಲ, ಜಲ್ಲಿ ಸುರಿ" ಎಂದರು.

ಮೊನ್ನೆ ಆಳು ಒಂದು ಹೂಕುಂಡವನ್ನು ದಾರಿಯ ಮೇಲಿಟ್ಟು ಮರೆತಿದ್ದ. ಅಪ್ಪನ ಕಾಲಿಗೆ ಮೆಲ್ಲಗೆ ತಗಲಿತು, ಪುಣ್ಯಕ್ಕೆ ಬೀಳಲಿಲ್ಲ. ಜಗಲಿಗೆ ಬಂದು ನನ್ನನ್ನು ಕರೆದು, "ಮರುಗದ ಮೂಲೆಯಿಂದ 11ನೇ ಹೆಜ್ಜೆಯಲ್ಲಿ ಒಂದು ಕುಂಡ ಇದೆ, ತೆಗೆಸು" ಎಂದರು. ಹೋಗಿ ಎಣಿಸಿದೆ. ನನ್ನ ಹೆಜ್ಜೆ ಉದ್ದವಾದ್ದರಿಂದ ನನಗೆ 7ಕ್ಕೇ ಸಿಕ್ಕಿತು.